ಅಕಿ ಯಾರ ಜಿಮ್ಮಾ? ಮೊರಾವಿಯನ್ ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆಯನ್ನು ಕಲಬುರಗಿಯಲ್ಲಿ ಕೂತು ಓದಿದಾಗ

ಕಮಲಾಪುರದಂಥ ಊರಿನಿಂದ ಹೆಣ್ಣುಮಗಳನ್ನು ಕಲಬುರಗಿಗೆ ಓದಲಿಕ್ಕೆ ಕಳಿಸುವ ಮಾತು ಬಂದಾಗ, ಕೋರ್ಸು ಯಾವುದು, ಫೀಸು ಎಷ್ಟು ಎಂದು ಕೇಳುವುದಕ್ಕೂ ಮೊದಲು ಮನೆಯ ಹಿರಿಯರು ಇನ್ನೊಂದು ಕೇಳುತ್ತಾರೆ: ‘ಅಲ್ಲಿ ಅಕಿ ಯಾರ ಜಿಮ್ಮಾ?’ ಉರ್ದುವಿನಿಂದ ನಮ್ಮ ಬಾಯಿಗೆ ಬಂದು ಕನ್ನಡವೇ ಆಗಿಹೋದ ಈ ‘ಜಿಮ್ಮಾ’ದಲ್ಲಿ ಹೊಣೆ, ಕಾವಲು, ನಂಬಿಕೆ ಮೂರೂ ಇವೆ. ಉಣ್ಣುವುದೆಲ್ಲಿ, ಮಲಗುವುದೆಲ್ಲಿ, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕುವವರು ಯಾರು, ಹೊತ್ತು ಮುಳುಗಿದರೆ ಬಾಗಿಲಲ್ಲಿ ನಿಂತು ದಾರಿ ನೋಡುವವರು ಯಾರು. ಹೆಣ್ಣುಮಕ್ಕಳ ಶಿಕ್ಷಣದ ಚರಿತ್ರೆಯೆಂದರೆ ನಾವು ಸಾಮಾನ್ಯವಾಗಿ ಸುಧಾರಕರ ಹೆಸರು, ಕಾಯ್ದೆಗಳ ಇಸವಿ, ಪಠ್ಯಪುಸ್ತಕಗಳನ್ನು ನೋಡುತ್ತೇವೆ. ನನಗೆ ಅವೆಲ್ಲಕ್ಕಿಂತ ಈ ಜಿಮ್ಮಾದ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಇಟ್ಟುಕೊಂಡೇ ಮೊರಾವಿಯನ್ನರ ಶಾಲೆಗಳನ್ನೂ ಕಲಬುರಗಿಯ ಶಾಲೆಗಳನ್ನೂ ಇಲ್ಲಿ ಓದಿದ್ದೇನೆ.

ಮೊರಾವಿಯಾ ಇಂದಿನ ಚೆಕ್ ದೇಶದ ಪೂರ್ವಭಾಗ. 1457ರಲ್ಲಿ ಬೊಹೀಮಿಯಾದ ಕುನ್ವಾಲ್ಡ್ ಎಂಬಲ್ಲಿ ಹುಟ್ಟಿದ ‘ಸಹೋದರರ ಐಕ್ಯ’ ಎಂಬ ಪಂಥ ರೋಮಿನ ಅಧಿಕಾರವನ್ನು ಒಪ್ಪಲಿಲ್ಲ. 1620ರ ಶ್ವೇತಪರ್ವತದ ಯುದ್ಧದಲ್ಲಿ ಪ್ರೊಟೆಸ್ಟಂಟರು ಸೋತ ಮೇಲೆ ಈ ಜನ ದೇಶಾಂತರ ಹೋದರು, ಇಲ್ಲವೆ ಮನೆಯೊಳಗೆ ಗುಟ್ಟಾಗಿ ಪ್ರಾರ್ಥನೆ ಮಾಡಿಕೊಂಡು ಉಳಿದರು. ಅವರ ಬಿಷಪ್ ಯಾನ್ ಆಮೋಸ್ ಕೊಮೆನಿಯಸ್ (1592–1670) ಜೀವಮಾನವನ್ನೆಲ್ಲ ಅಲೆದಾಟದಲ್ಲೇ ಕಳೆದ. ಮಕ್ಕಳಿಗಾಗಿ ಚಿತ್ರಸಹಿತ ಪುಸ್ತಕವನ್ನು 1658ರಲ್ಲಿ ಹೊರತಂದವನು ಇವನೇ. ಮೊದಲ ಆರು ವರ್ಷದ ಶಾಲೆ ತಾಯಿಯ ಮಡಿಲು, ಮುಂದಿನ ಶಾಲೆ ಮಾತೃಭಾಷೆಯದು, ಅಲ್ಲಿ ಗಂಡುಮಕ್ಕಳ ಹಾಗೆ ಹೆಣ್ಣುಮಕ್ಕಳೂ ಕೂಡಬೇಕು ಎಂದು ವಾದಿಸಿದ. ನಿಜಾಮನ ಆಡಳಿತದಲ್ಲಿ ಉರ್ದು ಬರದಿದ್ದರೆ ಮುಂದಿನ ಓದೇ ಇಲ್ಲ ಎಂಬ ಕಾಲವನ್ನು ಕಂಡ ನಮ್ಮ ಸೀಮೆಯವರಿಗೆ ಕೊಮೆನಿಯಸನ ಈ ಎರಡು ಮಾತುಗಳ ತೂಕ ಬೇಗ ತಿಳಿಯುತ್ತದೆ.

1722ರಲ್ಲಿ ಕ್ರಿಶ್ಚಿಯನ್ ಡೇವಿಡ್ ಎಂಬ ಬಡಗಿಯ ಹಿಂದೆ ಗಡಿ ದಾಟಿ ಬಂದ ಕೆಲವು ಕುಟುಂಬಗಳು ಸ್ಯಾಕ್ಸನಿಯಲ್ಲಿ ಕೌಂಟ್ ಜಿನ್ಜೆಂಡಾರ್ಫನ ಜಮೀನಿನಲ್ಲಿ ಮರ ಕಡಿದು ಹೆರ್ನ್‌ಹುಟ್ ಎಂಬ ಊರು ಕಟ್ಟಿದವು. ಆ ಊರಿನ ಏರ್ಪಾಡು ವಿಚಿತ್ರ. ಜನರನ್ನು ಕುಲ, ಕುಟುಂಬದ ಮೇಲೆ ವಿಂಗಡಿಸದೆ ವಯಸ್ಸು, ಲಿಂಗ, ಮದುವೆಯ ಸ್ಥಿತಿ ನೋಡಿ ‘ಕ್ವಾಯರ್’ ಎಂಬ ಬಳಗಗಳಾಗಿ ಮಾಡಿದರು. ಮದುವೆಯಾಗದ ಹೆಣ್ಣುಮಕ್ಕಳದೊಂದು ಬಳಗ, ವಿಧವೆಯರದೊಂದು, ಸಣ್ಣ ಹುಡುಗಿಯರದೊಂದು. ಹೆಣ್ಣುಮಕ್ಕಳ ಬಳಗಕ್ಕೆ ಹೆಣ್ಣುಮಕ್ಕಳೇ ಮುಖ್ಯಸ್ಥರು. 1730ರ ಮಾರ್ಚಿನಲ್ಲಿ ಚೀಟಿ ಎತ್ತಿದಾಗ ಇಡೀ ಊರಿನ ಹೆಂಗಸರ ಹಿರಿಯಳಾಗಿ ಆಯ್ಕೆಯಾದವಳು ಅನ್ನಾ ನಿಚ್‌ಮನ್. ಬಡವರ ಮಗಳು, ವಯಸ್ಸು 14. ಅದೇ ವರ್ಷ ಮೇ 4ರಂದು ಅವಳೂ ಇನ್ನು ಹದಿನೇಳು ಹುಡುಗಿಯರೂ ಸೇರಿ, ನಮ್ಮ ಬಾಳನ್ನು ದೇವರ ಇಚ್ಛೆಗೆ ಬಿಟ್ಟಿದ್ದೇವೆ ಎಂದು ಒಪ್ಪಂದ ಮಾಡಿಕೊಂಡರು. ಆ ದಿನವನ್ನು ಮೊರಾವಿಯನ್ ಹೆಣ್ಣುಮಕ್ಕಳು ಹಬ್ಬವಾಗಿ ಉಳಿಸಿಕೊಂಡು ಬಂದರು.

ಅವರಲ್ಲಿ ಇನ್ನೊಂದು ರೂಢಿ ಇತ್ತು, ನನ್ನ ಮಟ್ಟಿಗೆ ಅದೇ ಮುಖ್ಯ. ಬಳಗದ ಪ್ರತಿಯೊಬ್ಬರೂ ತಮ್ಮ ಬಾಳಿನ ಕಥೆಯನ್ನು, ಮನಸ್ಸಿನ ಹೊಯ್ದಾಟವನ್ನು ತಾವೇ ಬರೆದಿಡಬೇಕು. ಸತ್ತಾಗ ಅದನ್ನು ಸಭೆಯಲ್ಲಿ ಓದುತ್ತಾರೆ. ಅಡುಗೆಯವಳು ಬರೆಯಬೇಕು, ನೂಲುವವಳು ಬರೆಯಬೇಕು. ಬರೆಯಬೇಕಾದರೆ ಅಕ್ಷರ ಬರಬೇಕು. ಹೆಣ್ಣಿಗೆ ಅಕ್ಷರ ಯಾಕೆ ಎಂಬ ಮಾತು ಆ ಸಮಾಜದಲ್ಲಿ ಹೀಗೆ ಬಿದ್ದುಹೋಯಿತು. ಕಲಬುರಗಿಯಿಂದ ಎರಡು ತಾಸಿನ ದಾರಿಯ ಕಲ್ಯಾಣದಲ್ಲಿ ಅದಕ್ಕೂ ಆರು ನೂರು ವರ್ಷ ಹಿಂದೆ ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ, ಕಾಳವ್ವೆಯಂಥ ಶರಣೆಯರು ತಮ್ಮ ಅನುಭವವನ್ನು ತಮ್ಮ ಹೆಸರಿನಲ್ಲಿ, ತಮ್ಮ ಅಂಕಿತದಲ್ಲಿ ನುಡಿದಿದ್ದರು. ಒಂದು ಇನ್ನೊಂದಕ್ಕೆ ಮೂಲ ಎಂದು ನಾನು ಹೇಳುತ್ತಿಲ್ಲ. ಎರಡು ಕಡೆಯೂ ಹೆಣ್ಣಿನ ಆತ್ಮಕ್ಕೆ ಲೆಕ್ಕವಿದೆ ಎಂದು ಒಪ್ಪಿದ ಮೇಲೆಯೇ ಅವಳ ಮಾತಿಗೆ ಲೆಕ್ಕ ಬಂತು. ಆದರೆ ಕಲ್ಯಾಣದ ಕ್ರಾಂತಿ ಚದುರಿಹೋಯಿತು, ಆ ನುಡಿ ಶಾಲೆಯಾಗಿ ಬೆಳೆಯಲಿಲ್ಲ. ಹೆರ್ನ್‌ಹುಟ್‌ನಲ್ಲಿ ಅದಕ್ಕೊಂದು ಮನೆ ಸಿಕ್ಕಿತು.

ಆ ಮನೆ ಅಮೆರಿಕಕ್ಕೂ ಹೋಯಿತು. 1742ರ ಮೇ 4ರಂದು, ಅದೇ ಹಬ್ಬದ ದಿನ, ಜಿನ್ಜೆಂಡಾರ್ಫನ ಮಗಳು ಬೆನಿಗ್ನಾ ಫಿಲಡೆಲ್ಫಿಯಾದ ಹತ್ತಿರ ಜರ್ಮನ್‌ಟೌನಿನಲ್ಲಿ 25 ಹುಡುಗಿಯರೊಂದಿಗೆ ಶಾಲೆ ತೆರೆದಳು. ಅವಳಿಗಾಗ 16 ವರ್ಷ. ಜೊತೆಗೆ ಅನ್ನಾ ನಿಚ್‌ಮನ್ ಇದ್ದಳು. ಅಲ್ಲಿ ಇಲ್ಲಿ ಜಾಗ ಬದಲಿಸಿ 1749ರಲ್ಲಿ ಆ ಶಾಲೆ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಊರಿನಲ್ಲಿ ನೆಲೆಯೂರಿತು. 1785ರಿಂದ ಹೊರಪಂಥದ ಹುಡುಗಿಯರನ್ನೂ ಸೇರಿಸಿಕೊಂಡಿತು. ಓದು, ಬರಹ, ಲೆಕ್ಕ, ಸಂಗೀತದ ಜೊತೆಗೆ ಕಸೂತಿ ಅಲ್ಲಿಯ ಹೆಸರುವಾಸಿ ವಿದ್ಯೆ. 1778ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಪುಲಾಸ್ಕಿಯ ದಂಡಿಗೆ ರೇಷ್ಮೆಯ ಧ್ವಜ ಹೊಲಿದುಕೊಟ್ಟವರು ಬೆತ್ಲೆಹೆಮ್‌ನ ಮದುವೆಯಾಗದ ಹೆಣ್ಣುಮಕ್ಕಳ ಬಳಗದ ಅಕ್ಕಂದಿರು. ದಕ್ಷಿಣದ ಸೇಲಂ, ಅಂದರೆ ನಾರ್ತ್ ಕ್ಯಾರೊಲಿನಾದ ಸೇಲಂ, ಅಲ್ಲಿಯದು ಇನ್ನೂ ಮೈ ಜುಮ್ಮೆನಿಸುವ ಕಥೆ. 1766ರಲ್ಲಿ ಪೆನ್ಸಿಲ್ವೇನಿಯಾದಿಂದ ಸುಮಾರು 500 ಮೈಲಿ ನಡೆದುಕೊಂಡು ಹುಡುಗಿಯರ ಒಂದು ಗುಂಪು ಅಲ್ಲಿಯ ಕಾಡಿಗೆ ಬಂತು. ಅದರಲ್ಲಿ 17ರ ಹರೆಯದ ಎಲಿಜಬೆತ್ ಓಸ್ಟರ್‌ಲೈನ್ ಇದ್ದಳು. ಆರು ವರ್ಷದ ನಂತರ, 1772ರಲ್ಲಿ, ಸೇಲಂನ ಸಣ್ಣ ಹುಡುಗಿಯರನ್ನು ಕೂರಿಸಿಕೊಂಡು ಪಾಠ ಶುರುಮಾಡಿದವಳು ಅವಳೇ.

ಈ ಎಲ್ಲ ಊರುಗಳಲ್ಲೂ ಶಾಲೆ ಇರುತ್ತಿದ್ದುದು ಮದುವೆಯಾಗದ ಹೆಂಗಸರ ದೊಡ್ಡ ಮನೆಯ ಆಸರೆಯಲ್ಲಿ. ಅಲ್ಲೇ ನೂಲು, ಅಲ್ಲೇ ಅಡುಗೆ, ಅಲ್ಲೇ ಪಾಠ. ಸಂಬಳ ಕೊಟ್ಟು ಹುಡುಕಿ ತರಬೇಕಾದ ಶಿಕ್ಷಕಿ ಆ ಮನೆಯಲ್ಲಿ ಮೊದಲೇ ಇದ್ದಳು. ಹುಡುಗಿ ಯಾರ ಜಿಮ್ಮಾ ಎಂದು ತಂದೆ ಕೇಳಿದರೆ ತೋರಿಸಲು ಒಂದು ಬಾಗಿಲು, ಆ ಬಾಗಿಲಲ್ಲಿ ಒಬ್ಬಳು ಹಿರಿಯಳು ಇದ್ದರು. ಮೊರಾವಿಯನ್ ಶಾಲೆಗಳು ಇನ್ನೂರೈವತ್ತು ವರ್ಷ ಬಾಳಿದ್ದಕ್ಕೆ ಅವರ ಬೋಧನಾ ಕ್ರಮಕ್ಕಿಂತ ಈ ಬಾಗಿಲೇ ಹೆಚ್ಚಿನ ಕಾರಣ ಎಂಬುದು ನನ್ನ ನಿಲುವು.

ಇದೇ ಜಿಮ್ಮಾ ಕೆಲವೊಮ್ಮೆ ಹಿಡಿತವಾಗಿ ಬಿಗಿಯಿತು. ಬೆತ್ಲೆಹೆಮ್‌ನ ಮೊದಲ ಎರಡು ದಶಕಗಳಲ್ಲಿ ಮೊಲೆ ಬಿಟ್ಟ ಕೂಸುಗಳನ್ನು ತಾಯಿಯಿಂದ ಬಿಡಿಸಿ ಸಾಮೂಹಿಕ ಶಿಶುಗೃಹಕ್ಕೆ ಹಾಕುತ್ತಿದ್ದರು. ಮದುವೆಯನ್ನೂ ಚೀಟಿ ಎತ್ತಿ ಕೇಳುತ್ತಿದ್ದರು. ಬಣ್ಣದ ಪ್ರಶ್ನೆಯಲ್ಲಿ ಅವರ ಚರಿತ್ರೆ ಇನ್ನೂ ನೋಯಿಸುತ್ತದೆ. ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದ ರೆಬೆಕ್ಕಾ ಎಂಬ ಹೆಣ್ಣುಮಗಳು 1730ರ ದಶಕದಲ್ಲೇ ತೋಟದಿಂದ ತೋಟಕ್ಕೆ ನಡೆದು ಗುಲಾಮ ಹೆಂಗಸರಿಗೆ ಪಾಠ ಹೇಳಿದಳು. ಮುಂದೆ ಆಫ್ರಿಕದ ಚಿನ್ನದ ಕರಾವಳಿಯಲ್ಲಿಯೂ ಮಕ್ಕಳಿಗೆ ಕಲಿಸಿದಳು. ಅದೇ ಪಂಥ ಸೇಲಂನಲ್ಲಿ ಗುಲಾಮರನ್ನು ಕೊಂಡು ದುಡಿಸಿತು. 1820ರ ದಶಕದಲ್ಲಿ ಕರಿಯರಿಗೆ ಬೇರೆ ಗುಡಿ ಕಟ್ಟಿ ದೂರವಿಟ್ಟಿತು. ಹೆಣ್ಣಿನ ಆತ್ಮಕ್ಕೆ ಲೆಕ್ಕವಿದೆ ಎಂದು ಕಂಡವರು ಪಕ್ಕದ ಮನುಷ್ಯನ ಬೆನ್ನ ಮೇಲಿನ ಬಾಸುಂಡೆಯನ್ನು ಕಾಣಲಿಲ್ಲ. ಇದನ್ನು ಬಿಟ್ಟು ಅವರ ಶಾಲೆಗಳ ಗುಣಗಾನ ಮಾಡಿದರೆ ಸಂಶೋಧನೆಗೆ ಅನ್ಯಾಯ.

ಭಾರತದಲ್ಲಿ ಮೊರಾವಿಯನ್ನರು ನೆಲೆನಿಂತದ್ದು ಹಿಮಾಲಯದ ಆಚೆ, ಲಾಹುಲ್‌ನ ಕೀಲಾಂಗ್‌ನಲ್ಲಿ 1850ರ ದಶಕದಿಂದ, ಲೇಹ್‌ನಲ್ಲಿ 1885ರಿಂದ. ಅಲ್ಲಿಯ ಹೆಣ್ಣುಮಕ್ಕಳ ಕಲಿಕೆಯ ಕಥೆ ಒಬ್ಬಳ ಬದುಕಿನಲ್ಲೇ ಅಡಗಿದೆ. ಮಾರಿಯಾ ಹಾರ್ಟ್‌ಮನ್ 1837ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಮಿಶನರಿ ತಂದೆತಾಯಿಗೆ ಹುಟ್ಟಿದಳು. ಪಂಥದ ಕಟ್ಟಳೆಯಂತೆ ಸಣ್ಣ ವಯಸ್ಸಿನಲ್ಲೇ ಅವಳನ್ನು ಜರ್ಮನಿಯ ವಸತಿಶಾಲೆಗೆ ಕಳಿಸಿದರು. 1859ರಲ್ಲಿ, ಮುಖವನ್ನೇ ನೋಡಿರದ ವಿಲ್ಹೆಲ್ಮ್ ಹೈಡೆಯನ್ನು ಮದುವೆಯಾಗಲು ಕೀಲಾಂಗ್‌ಗೆ ಬಂದಳು. ಹಿಮ ಬಿದ್ದು ದಾರಿ ಮುಚ್ಚುವ ಆ ಕಣಿವೆಯಲ್ಲಿ ಹೆಂಗಸರನ್ನು, ಹುಡುಗಿಯರನ್ನು ಕೂರಿಸಿಕೊಂಡು ಉಣ್ಣೆಯ ಹೆಣಿಗೆ ಕಲಿಸಿದಳು. ಲಾಹುಲ್‌ನ ಬಣ್ಣದ ಚಿತ್ತಾರದ ಕಾಲುಚೀಲಗಳಿಗೆ ಇವತ್ತು ದೊಡ್ಡ ಹೆಸರು. ಅಲ್ಲಿ ಕಡ್ಡಿ ಹಿಡಿದು ಹೆಣೆಯುವ ವಿದ್ಯೆ ಬಂದದ್ದು ಈ ಮಿಶನ್ನಿನಿಂದ. ತಾಯಿಯ ಮಡಿಲೇ ಮೊದಲ ಶಾಲೆ ಎಂದವನ ಪಂಥದಲ್ಲಿ ಮಾರಿಯಾ ತನ್ನ ಮಡಿಲ ಮಕ್ಕಳನ್ನೂ ಅದೇ ಕಟ್ಟಳೆಯಂತೆ ಜರ್ಮನಿಗೆ ಕಳಿಸಿಕೊಟ್ಟಳು. ಬೇರೆಯವರ ಹೆಣ್ಣುಮಕ್ಕಳು ಅವಳ ಜಿಮ್ಮಾದಲ್ಲಿದ್ದರು, ಅವಳವು ಸಮುದ್ರದಾಚೆ ಇನ್ನಾರದೋ ಜಿಮ್ಮಾದಲ್ಲಿದ್ದವು.

ಕನ್ನಡ ನಾಡಿಗೆ ಮೊರಾವಿಯನ್ನರು ನೇರ ಬರಲಿಲ್ಲ, ಅವರ ಗಾಳಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್, ಸ್ವಿಸ್ ಭಕ್ತಿಪಂಥದ ಕೂಸು. ಹೆರ್ನ್‌ಹುಟ್‌ನ ಹತ್ತಿರದ ನೆಂಟ. ಅದು ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರೆಗೆ ಹಬ್ಬಿತು. ನಿಜಾಮನ ಸೀಮೆಯಾದ ಕಲಬುರಗಿ, ಬೀದರ್‌ಗಳಲ್ಲಿ ಕೆಲಸ ಮಾಡಿದವರು ಅಮೆರಿಕದ ಮೆಥಡಿಸ್ಟರು. ಮೆಥಡಿಸಂನ ಮೂಲಪುರುಷ ಜಾನ್ ವೆಸ್ಲಿ 1736ರ ಹೊತ್ತಿಗೆ ಅಟ್ಲಾಂಟಿಕ್ ದಾಟುವಾಗ ಬಿರುಗಾಳಿಯಲ್ಲಿ ಹಡಗು ಹೊಯ್ದಾಡುತ್ತಿದ್ದರೂ ಹೆಂಗಸರು, ಮಕ್ಕಳು ಸಮೇತ ಹಾಡುತ್ತ ಕೂತ ಮೊರಾವಿಯನ್ನರನ್ನು ಕಂಡು ಬೆರಗಾದವನು. 1738ರಲ್ಲಿ ಹೆರ್ನ್‌ಹುಟ್‌ಗೇ ಹೋಗಿ ಅವರ ಬಾಳನ್ನು ನೋಡಿಬಂದ. ಅವನ ಪಂಥದ ಅಮೆರಿಕನ್ ಹೆಂಗಸರು 1869ರಲ್ಲಿ ಬಾಸ್ಟನ್ನಿನಲ್ಲಿ ತಮ್ಮದೇ ಮಿಶನ್ ಸಂಘ ಕಟ್ಟಿದರು. ಆ ಸಂಘದಿಂದ ಬಂದ ಇಸಾಬೆಲ್ಲಾ ಥೋಬರ್ನ್ 1870ರಲ್ಲಿ ಲಖನೌದ ಬಜಾರಿನ ಒಂದು ಕೋಣೆಯಲ್ಲಿ ಆರು ಹುಡುಗಿಯರೊಂದಿಗೆ ಶಾಲೆ ತೆರೆದಳು. ಬೀದರಿನಲ್ಲಿ ನಾರ್ಮಾ ಫೆಂಡ್ರಿಕ್ ಹೆಸರಿನ ಶಾಲೆ ಇದೇ ಬಳ್ಳಿಯ ಕುಡಿ.

ಹಾಗೆಂದು ಈ ಸೀಮೆಗೆ ವಿದ್ಯೆ ಹೊರಗಿನವರಿಂದಲೇ ಬಂತೆಂದಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ 1472ರಲ್ಲಿ ಎದ್ದಿತು. ಮಿನಾರಿನ ಹೆಂಚಿನ ನೀಲಿ ಇನ್ನೂ ಪೂರ್ತಿ ಮಾಸಿಲ್ಲ. ಅದು ಗಂಡಸರ ವಿದ್ಯಾಕೇಂದ್ರ. ಊರೂರಿನ ಐಗಳ ಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರೂ ಬಹುಪಾಲು ಗಂಡುಮಕ್ಕಳೇ. ನಿಜಾಮನ ಆಡಳಿತದಲ್ಲಿ ಉರ್ದು ರಾಜಭಾಷೆ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಖಾನಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಪರವಾನಗಿ ಬೇಕು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದಲ್ಲಿ ಮಕ್ಕಳಿಗೂ ಹೇಳುತ್ತಾರೆ. ಕನ್ನಡ ಮನೆಯ ಹುಡುಗಿಗೆ ಹೀಗೆ ಎರಡು ಗೋಡೆ. ಒಂದು ಹೆಣ್ಣೆಂಬುದು, ಇನ್ನೊಂದು ಬಾರದ ಭಾಷೆ.

ಅಂಥ ಕಾಲದಲ್ಲಿ, 1934ರಲ್ಲಿ, ಶರಣಬಸವೇಶ್ವರ ಸಂಸ್ಥಾನದ ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಕಲಬುರಗಿಯಲ್ಲಿ ಮಹಾದೇವಿ ಹೆಸರಿನ ಕನ್ಯಾಶಾಲೆ ತೆರೆದರು. ಮಹಾದೇವಿ ಎಂದರೆ ಈ ನೆಲದ ಕಿವಿಗೆ ಅಕ್ಕನೇ ಕೇಳಿಸುತ್ತಾಳೆ. ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರು (1746–1822) ಕಲಬುರಗಿಯಲ್ಲಿ ಹೆಸರಾದದ್ದು ದಾಸೋಹದಿಂದ; ಹಸಿದು ಬಂದವರಿಗೆ ಜಾತಿ ಕೇಳದೆ ಉಣ್ಣಲಿಕ್ಕಿದ್ದರಿಂದ. ತಲೆಮಾರುಗಳಿಂದ ಅದೇ ಅಂಗಳದಲ್ಲಿ ಉಂಡು ಹೋದ ಮನೆಗಳಿಗೆ ಮಗಳನ್ನು ಅಲ್ಲಿಗೆ ಕಳಿಸುವುದು ಪರಕೀಯರ ಕೈಗೆ ಕೊಟ್ಟಂತೆ ಅನ್ನಿಸಲಿಲ್ಲ. ‘ಅಪ್ಪನ ಸಾಲಿ’ ಎಂದರೆ ಅಕಿ ಅಪ್ಪನ ಜಿಮ್ಮಾ. ಸೇಲಂನ ತಂದೆಗೆ ಅಕ್ಕಂದಿರ ಮನೆಯ ಬಾಗಿಲು ಹೇಗೋ, ಇಲ್ಲಿಯ ತಂದೆಗೆ ದಾಸೋಹದ ಅಂಗಳ ಹಾಗೆ. ಮುಂದಿನ ದಾರಿಯಲ್ಲೂ ಹೋಲಿಕೆ ಇದೆ. ಬೆನಿಗ್ನಾಳ ಶಾಲೆಯ ವಂಶ 1954ರಲ್ಲಿ ಗಂಡುಮಕ್ಕಳ ಕಾಲೇಜಿನೊಂದಿಗೆ ಕೂಡಿ 2021ರಲ್ಲಿ ಮೊರಾವಿಯನ್ ವಿಶ್ವವಿದ್ಯಾಲಯವಾಯಿತು. ದೊಡ್ಡಪ್ಪ ಅಪ್ಪ ಶುರುಮಾಡಿದ ಶಿಕ್ಷಣ ಕಾರ್ಯ ಗೋದುತಾಯಿ ಹೆಸರಿನ ಮಹಿಳಾ ಮಹಾವಿದ್ಯಾಲಯವನ್ನು ಬೆಳೆಸಿ 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯದವರೆಗೆ ಬಂತು.

ಮುಸ್ಲಿಂ ಮನೆಗಳ ಹುಡುಗಿಯರಿಗೆ ಇಂಥದೇ ಅಂಗಳ ಖಾಜಾ ಬಂದೇನವಾಜರ ದರ್ಗಾ. ದರ್ಗಾದ ಶಿಕ್ಷಣ ಸಂಸ್ಥೆ ನಡೆಸುವ ಬೀಬಿ ರಜಾ ಮಹಿಳಾ ಕಾಲೇಜಿಗೆ ಬುರ್ಖಾ ತೊಟ್ಟು ಬರುವ ಮಗಳ ತಂದೆ ಕೂಡ ಫೀಸಿಗಿಂತ ಮೊದಲು ಜಿಮ್ಮಾ ನೋಡಿಯೇ ಒಪ್ಪಿದವನು. ಮಠ, ದರ್ಗಾ, ಮಿಶನ್ ಮೂರೂ ಒಂದೇ ನಗರ, ಒಂದೇ ಸೀಮೆಯಲ್ಲಿ ಒಂದೇ ಕೆಲಸ ಮಾಡಿದವು. 1949ರಲ್ಲಿ, ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಕೂತವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಬಾಸೆಲ್ ಮಿಶನ್ನಿನಲ್ಲಿ ಕಲಿತ ಪಾದ್ರಿ. ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿಯಿಂದ ಕೂಡಿಸಿದ ವಿದ್ವಾಂಸ. ಹೆರ್ನ್‌ಹುಟ್‌ನ ನೆಂಟತನವೂ ಕಲ್ಯಾಣದ ನುಡಿಯೂ ಕಲಬುರಗಿಯ ಒಂದೇ ವೇದಿಕೆಯಲ್ಲಿ ಕೂಡಿದ ಆ ದಿನ ನನಗೆ ಬಹಳ ದೊಡ್ಡದು.

ಸರ್ಕಾರ ಈ ಜಿಮ್ಮಾವನ್ನು ಹೊತ್ತದ್ದು ತಡವಾಗಿ. 2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಹಿಂದುಳಿದ ಬ್ಲಾಕುಗಳ ಹುಡುಗಿಯರಿಗೆ ಶಾಲೆಯ ಜೊತೆ ಊಟ, ಹಾಸಿಗೆಯನ್ನೂ ಕೊಟ್ಟವು. ತಡವಾದದ್ದರ ಬೆಲೆ ಲೆಕ್ಕದಲ್ಲಿದೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 74, ಹೆಂಗಸರದು ಶೇ. 55. ದಾಸೋಹದ ಅಂಗಳ, ದರ್ಗಾದ ಅಂಗಳ ನಗರದಲ್ಲಿದ್ದವು. ಹಳ್ಳಿಯ ಹುಡುಗಿಗೂ ಅವುಗಳಿಗೂ ನಡುವೆ ದಾರಿ ಇತ್ತು.

ಆ ದಾರಿಗಳಲ್ಲಿ ಒಂದು ಕಮಲಾಪುರದ್ದು. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು ಈಗ ತಾಲ್ಲೂಕು ಕೇಂದ್ರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಬೆಳಗಿನ ಬಸ್ಸು ಕಮಲಾಪುರದಲ್ಲೇ ತುಂಬಿ, ಮಹಾಗಾಂವ ಕ್ರಾಸಿನಲ್ಲಿ ಇನ್ನಷ್ಟು ಹುಡುಗಿಯರನ್ನು ಹತ್ತಿಸಿಕೊಳ್ಳುತ್ತದೆ. ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾ ಹಿಂದೆ ಸರಿಯುತ್ತಾನೆ. ನಿಂತವಳೊಬ್ಬಳು ಕಂಬಿಗೆ ಮೊಣಕೈ ಸಿಕ್ಕಿಸಿ ನೋಟ್ಸು ಬಿಡಿಸಿದ್ದಾಳೆ. ಕೂತವಳ ಮಡಿಲಲ್ಲಿ ಮೂರು ಬ್ಯಾಗು, ಎರಡು ಬೇರೆಯವರವು. ಹುಮನಾಬಾದ್ ರಿಂಗ್ ರೋಡ್ ಬರುವ ಹೊತ್ತಿಗೆ ಫೋನುಗಳು ಒಂದರ ಹಿಂದೆ ಒಂದು ಸದ್ದು ಮಾಡುತ್ತವೆ.

‘ಮುಟ್ಟಿದೇನವ್ವಾ?’

‘ಹ್ಞೂಂ ಅವ್ವ, ಮುಟ್ಟೀನಿ. ಇಳಿಲಿಕತ್ತೀನಿ.’