‘ಸ್ಟಾರ್ ಡಸ್ಟ್’ ವಿಮಾನದ ಕಣ್ಮರೆ ಮತ್ತು ಐವತ್ತು ವರ್ಷಗಳ ಊಹಾಪೋಹ

1947ರ ಆಗಸ್ಟ್ 2ರ ಮಧ್ಯಾಹ್ನ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಿಂದ ‘ಸ್ಟಾರ್ ಡಸ್ಟ್’ ಎಂಬ ಹೆಸರಿನ ವಿಮಾನ ಚಿಲಿಯ ಸ್ಯಾಂಟಿಯಾಗೋ ಕಡೆಗೆ ಹೊರಟಿತು. ಒಳಗಿದ್ದವರು ಐವರು ಸಿಬ್ಬಂದಿ, ಆರು ಪ್ರಯಾಣಿಕರು. ಬ್ರಿಟಿಷ್ ಸೌತ್ ಅಮೆರಿಕನ್ ಏರ್‌ವೇಸ್ ಕಂಪನಿಗೆ ಸೇರಿದ ಈ ಲ್ಯಾಂಕಾಸ್ಟ್ರಿಯನ್ ವಿಮಾನ, ಎರಡನೆಯ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ಅನ್ನು ಪ್ರಯಾಣಿಕರಿಗೆಂದು ಮಾರ್ಪಡಿಸಿ ರೂಪಿಸಿದ ಮಾದರಿಯದು. ನಡೆಸುತ್ತಿದ್ದವರು ಯುದ್ಧದಲ್ಲಿ ಪದಕಗಳನ್ನು ಗಳಿಸಿದ್ದ ಕ್ಯಾಪ್ಟನ್ ರೆಜಿನಾಲ್ಡ್ ಕುಕ್. ದಾರಿಗೆ ಅಡ್ಡವಾಗಿದ್ದದ್ದು ಆಂಡೀಸ್ ಪರ್ವತಶ್ರೇಣಿ. ಭೂಮಧ್ಯರೇಖೆಯ ದಕ್ಷಿಣಕ್ಕೆ ಆಗಸ್ಟ್ ಎಂದರೆ ನಡುಚಳಿಗಾಲ. ಶಿಖರಗಳ ಮೇಲೆ ಮೋಡ ಕವಿದಿತ್ತು.

ಸಂಜೆ 5 ಗಂಟೆ 41 ನಿಮಿಷಕ್ಕೆ ವಿಮಾನದ ರೇಡಿಯೋ ಆಪರೇಟರ್ ಮೋರ್ಸ್ ಸಂಕೇತದಲ್ಲಿ ಕೊನೆಯ ಸಂದೇಶ ಕಳಿಸಿದರು: 5.45ಕ್ಕೆ ಸ್ಯಾಂಟಿಯಾಗೋ ತಲುಪುತ್ತೇವೆ. ಸಂದೇಶದ ತುದಿಯಲ್ಲಿ ‘ಸ್ಟೆಂಡೆಕ್’ ಎಂಬ ಪದವಿತ್ತು. ನೆಲದ ಮೇಲಿದ್ದ ಚಿಲಿಯ ಆಪರೇಟರ್‌ಗೆ ಅದು ಸ್ಪಷ್ಟವಾಗಿಯೇ ಕೇಳಿಸಿತು, ಆದರೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಾಗ ಅದೇ ಪದ ಇನ್ನೆರಡು ಸಲ ವೇಗವಾಗಿ ಬಂತು. ಆಮೇಲೆ ಮೌನ. ನಾಲ್ಕು ನಿಮಿಷದಲ್ಲಿ ಇಳಿಯಬೇಕಿದ್ದ ವಿಮಾನ ಇಳಿಯಲೇ ಇಲ್ಲ.

ಚಿಲಿ ಮತ್ತು ಅರ್ಜೆಂಟೀನಾ ಎರಡೂ ಕಡೆಯಿಂದ ಹುಡುಕಾಟ ನಡೆಯಿತು. ಯುದ್ಧಕಾಲದಲ್ಲಿ ಬ್ರಿಟನ್ನಿನ ‘ಪಾತ್‌ಫೈಂಡರ್’ ಪಡೆಯನ್ನು ಕಟ್ಟಿದ್ದ, ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಡಾನ್ ಬೆನೆಟ್ ತಾವೇ ಮುಂದೆ ನಿಂತು ಶೋಧ ನಡೆಸಿದರು. ಒಂದು ತುಂಡು ತಗಡೂ ಸಿಗಲಿಲ್ಲ. ಊಹೆಗಳು ಹುಟ್ಟಿದ್ದು ಈ ಶೂನ್ಯದಲ್ಲಿ.

ಮೊದಲ ಊಹೆಗಳಿಗೆ ಆಧಾರವಾದದ್ದು ಪ್ರಯಾಣಿಕರ ಪಟ್ಟಿ. ಅವರಲ್ಲೊಬ್ಬರು ಬ್ರಿಟಿಷ್ ಸರ್ಕಾರದ ರಾಜತಾಂತ್ರಿಕ ಪತ್ರಗಳನ್ನು ಕೈಯಲ್ಲೇ ಹೊತ್ತು ತಲುಪಿಸುವ ದೂತ. ಪೆರೋನ್ ಆಡಳಿತದ ಅರ್ಜೆಂಟೀನಾಕ್ಕೂ ಬ್ರಿಟನ್ನಿಗೂ ಸಂಬಂಧ ಹದಗೆಟ್ಟಿದ್ದ ಕಾಲ ಅದು. ಆ ಪತ್ರಗಳನ್ನು ನಾಶ ಮಾಡಲೆಂದೇ ಯಾರೋ ವಿಮಾನದಲ್ಲಿ ಬಾಂಬ್ ಇಟ್ಟರು ಎಂಬ ಮಾತು ಎದ್ದಿತು. ಇನ್ನೊಬ್ಬ ಪ್ರಯಾಣಿಕರು ಕೋಟಿನ ಒಳಪದರದಲ್ಲಿ ವಜ್ರ ಹೊಲಿಸಿಕೊಂಡಿದ್ದರು ಎಂಬ ಸುದ್ದಿ ದರೋಡೆಯ ಕಥೆಗೆ ಎಡೆಯಾಯಿತು. ಮತ್ತೊಬ್ಬರು ಜರ್ಮನ್ ಮೂಲದ ಮಹಿಳೆ. ತೀರಿಕೊಂಡ ಗಂಡನ ಚಿತಾಭಸ್ಮವನ್ನು ಚಿಲಿಗೆ ಒಯ್ಯುತ್ತಿದ್ದವರು. ನಾಜಿಗಳು ದಕ್ಷಿಣ ಅಮೆರಿಕಕ್ಕೆ ಪರಾರಿಯಾಗುತ್ತಿದ್ದ ವರ್ಷಗಳಾದ್ದರಿಂದ ಆಕೆಯ ಮೇಲೂ ಅನುಮಾನದ ನೆರಳು ಬಿತ್ತು. ಸತ್ತ ಹನ್ನೊಂದು ಮಂದಿಯನ್ನು ಕಥೆಯ ಪಾತ್ರಗಳನ್ನಾಗಿ ಮಾಡಿದ್ದು ಈ ಊಹಾಪೋಹದ ಅತ್ಯಂತ ನೋವಿನ ಭಾಗ. ಮನೆಯವರಿಗೆ ದೇಹವೂ ಸಿಕ್ಕಿರಲಿಲ್ಲ, ಕಾರಣವೂ ತಿಳಿದಿರಲಿಲ್ಲ.

ಮುಂದೆ ಅದೇ ಕಂಪನಿಯ ಇನ್ನೆರಡು ವಿಮಾನಗಳು ಅಟ್ಲಾಂಟಿಕ್‌ನಲ್ಲಿ ಕಾಣೆಯಾದವು: 1948ರ ಜನವರಿಯಲ್ಲಿ 31 ಮಂದಿಯಿದ್ದ ‘ಸ್ಟಾರ್ ಟೈಗರ್’, 1949ರ ಜನವರಿಯಲ್ಲಿ 20 ಮಂದಿಯಿದ್ದ ‘ಸ್ಟಾರ್ ಏರಿಯಲ್’. ಒಂದೂವರೆ ವರ್ಷದೊಳಗೆ ‘ಸ್ಟಾರ್’ ಹೆಸರಿನ ಮೂರು ವಿಮಾನಗಳು ಸುಳಿವಿಲ್ಲದೆ ಹೋದದ್ದು ಜನರ ಕಲ್ಪನೆಯನ್ನು ಕೆರಳಿಸಿತು. ಕಂಪನಿ ಹೆಚ್ಚು ದಿನ ಉಳಿಯಲಿಲ್ಲ. 1949ರಲ್ಲೇ ಮತ್ತೊಂದು ಬ್ರಿಟಿಷ್ ಸಂಸ್ಥೆಯಲ್ಲಿ ವಿಲೀನವಾಯಿತು. 1964ರಲ್ಲಿ ಲೇಖಕ ವಿನ್ಸೆಂಟ್ ಗ್ಯಾಡಿಸ್ ‘ಬರ್ಮುಡಾ ತ್ರಿಕೋನ’ ಎಂಬ ಹೆಸರಿಟ್ಟ ಮೇಲೆ ಕೊನೆಯ ಎರಡು ವಿಮಾನಗಳು ಆ ದಂತಕಥೆಗೆ ಸೇರಿಹೋದವು.

‘ಸ್ಟಾರ್ ಡಸ್ಟ್’ ಪಾಲಿಗೆ ಬಂದದ್ದು ಹಾರುವ ತಟ್ಟೆ. ಅಮೆರಿಕದಲ್ಲಿ ಹಾರುವ ತಟ್ಟೆಗಳ ಸುದ್ದಿ ಮೊದಲ ಬಾರಿಗೆ ಹಬ್ಬಿದ್ದು 1947ರ ಜೂನ್–ಜುಲೈನಲ್ಲಿ, ಅಂದರೆ ಈ ವಿಮಾನ ಕಾಣೆಯಾಗುವ ಕೆಲವೇ ವಾರ ಮುಂಚೆ. ಅನ್ಯಗ್ರಹದವರು ವಿಮಾನವನ್ನು ಹೊತ್ತೊಯ್ದರು, ‘ಸ್ಟೆಂಡೆಕ್’ ಅದರ ಗುರುತು ಎಂದು ಮುಂದಿನ ತಲೆಮಾರಿನ ಬರಹಗಾರರು ಬರೆದರು. 1970ರ ದಶಕದಲ್ಲಿ ಸ್ಪೇನ್‌ನ ಹಾರುವ ತಟ್ಟೆಗಳ ಪತ್ರಿಕೆಯೊಂದು ಇದೇ ಪದವನ್ನು ತನ್ನ ಹೆಸರಾಗಿಸಿಕೊಂಡಿತು.

ಆ ಪದವನ್ನು ಹತ್ತಿರದಿಂದ ನೋಡಬೇಕು. ಇಂಗ್ಲಿಷಿನಲ್ಲಿ ‘ಇಳಿಯುವಿಕೆ’ ಎಂಬರ್ಥದ ‘ಡಿಸೆಂಟ್’ ಪದದ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ಸ್ಟೆಂಡೆಕ್’ ಆಗುತ್ತದೆ. ಆಮ್ಲಜನಕ ಸಾಲದೆ ಆಪರೇಟರ್‌ಗೆ ಅಕ್ಷರಗಳು ತಪ್ಪಿದವು ಎಂದು ಕೆಲವರು ವಾದಿಸಿದರು. ಒಂದೇ ತಪ್ಪು ಮೂರು ಸಲವೂ ಅದೇ ಕ್ರಮದಲ್ಲಿ ಬರುವುದು ನಂಬಲು ಕಷ್ಟ. ಪ್ರತಿ ಅಕ್ಷರಕ್ಕೂ ಒಂದೊಂದು ಪದ ಜೋಡಿಸಿ ಇಡೀ ವಾಕ್ಯ ಕಟ್ಟಿದವರೂ ಇದ್ದಾರೆ. ಇವೆಲ್ಲಕ್ಕಿಂತ ತೂಕದ ವಿವರಣೆ ಮೋರ್ಸ್ ಸಂಕೇತದೊಳಗೇ ಇದೆ. ಆ ಲಿಪಿಯಲ್ಲಿ ‘ಇ’ ಎಂದರೆ ಒಂದು ಚುಕ್ಕೆ. ‘ಸಿ’ ಎಂದರೆ ಗೆರೆ, ಚುಕ್ಕೆ, ಗೆರೆ, ಚುಕ್ಕೆ. ಎರಡರ ನಡುವೆ ಬಿಡುವು ಕೊಡದೆ ಬಡಿದರೆ ಅದು ‘ಸಂದೇಶ ಮುಗಿಯಿತು’ ಎಂಬ ರೂಢಿಯ ಸಂಕೇತವಾಗುತ್ತದೆ. ಹೀಗೆಯೇ ‘ಸ್ಟೆಂಡೆಕ್’ನ ಹದಿನೈದು ಚುಕ್ಕೆ–ಗೆರೆಗಳನ್ನು ಬೇರೆ ಜಾಗಗಳಲ್ಲಿ ಬಿಡಿಸಿದರೆ ‘ಎಸ್‌ಸಿಟಿಐ’ ಮತ್ತು ಮುಕ್ತಾಯದ ಗುರುತು ಸಿಗುತ್ತವೆ. ಸ್ಯಾಂಟಿಯಾಗೋದ ಲಾಸ್ ಸೆರಿಯೋಸ್ ವಿಮಾನ ನಿಲ್ದಾಣದ ಸಂಕೇತಾಕ್ಷರಗಳು ಅವೇ ಆಗಿದ್ದವು. 1947ರಲ್ಲೇ ಆ ಸಂಕೇತ ಬಳಕೆಗೆ ಬಂದಿತ್ತೇ ಎಂಬ ಆಕ್ಷೇಪ ಇದ್ದೇ ಇದೆ. ಆದರೂ ವೇಗವಾಗಿ ಬಡಿದ ಸಂದೇಶದಲ್ಲಿ ಬಿಡುವುಗಳು ತಪ್ಪಾಗಿ ಕೇಳಿಸಿದವು ಎನ್ನುವುದು ಉಳಿದ ಎಲ್ಲಾ ಊಹೆಗಳಿಗಿಂತ ಸಹಜವಾದದ್ದು.

ವಿಮಾನ ಸಿಕ್ಕಿದ್ದು 1998ರಲ್ಲಿ. 6,570 ಮೀಟರ್ ಎತ್ತರದ ಟುಪುಂಗಾಟೊ ಪರ್ವತದಲ್ಲಿ, ಸುಮಾರು 4,600 ಮೀಟರ್ ಎತ್ತರದ ಹಿಮನದಿಯ ಮೇಲೆ ಅರ್ಜೆಂಟೀನಾದ ಇಬ್ಬರು ಚಾರಣಿಗರಿಗೆ ರೋಲ್ಸ್ ರಾಯ್ಸ್ ಎಂಜಿನ್ನಿನ ಅವಶೇಷ ಕಂಡಿತು. ಸ್ಯಾಂಟಿಯಾಗೋ ಅಲ್ಲಿಂದ ಸುಮಾರು 80 ಕಿಲೋಮೀಟರ್ ಪಶ್ಚಿಮಕ್ಕಿದೆ. 2000ದಲ್ಲಿ ಅರ್ಜೆಂಟೀನಾ ಸೇನೆಯ ತಂಡ ಹತ್ತಿ ಹೋದಾಗ ಪ್ರೊಪೆಲ್ಲರ್, ಗಾಳಿ ಇಳಿಯದೆ ಉಳಿದಿದ್ದ ಒಂದು ಚಕ್ರ, ಉಗುರುಗಳನ್ನು ಅಂದವಾಗಿ ತಿದ್ದಿಕೊಂಡಿದ್ದ ಒಂದು ಕೈ ಸಿಕ್ಕವು. ಐವತ್ತಮೂರು ವರ್ಷ ಮಂಜು ಅವನ್ನು ಹಾಗೆಯೇ ಕಾಪಾಡಿತ್ತು.

ಕಾರಣ ಬಾಂಬ್ ಅಲ್ಲ, ಗಾಳಿ. ಪ್ರೊಪೆಲ್ಲರಿನ ಸ್ಥಿತಿ ನೋಡಿದರೆ ಬಡಿಯುವ ಕ್ಷಣದಲ್ಲೂ ಎಂಜಿನ್ ಸರಿಯಾಗಿ ಓಡುತ್ತಿತ್ತು. ಅವಶೇಷಗಳು ಒಂದೇ ಕಡೆ ಇದ್ದುದರಿಂದ ವಿಮಾನ ಆಕಾಶದಲ್ಲಿ ಸಿಡಿದಿರಲಿಲ್ಲ. ಮೋಡ ತಪ್ಪಿಸಲು ಕುಕ್ 24,000 ಅಡಿಗೆ ಏರಿದ್ದರು. ಆ ಎತ್ತರದಲ್ಲಿ ಪಶ್ಚಿಮದಿಂದ ಅತಿವೇಗದಲ್ಲಿ ಬೀಸುವ ‘ಜೆಟ್ ಸ್ಟ್ರೀಮ್’ ಎಂಬ ಗಾಳಿಯ ಹೊನಲಿನ ಬಗ್ಗೆ ಆಗಿನ ವಿಮಾನಯಾನಕ್ಕೆ ತಿಳಿದಿದ್ದದ್ದು ಅತ್ಯಲ್ಪ. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗಿ ಸಾಗಿತು. ಕೆಳಗಿನ ನೆಲ ಕಾಣದ್ದರಿಂದ ವೇಗ ಮತ್ತು ಸಮಯದ ಲೆಕ್ಕವೊಂದನ್ನೇ ನಂಬಬೇಕಿತ್ತು. ಆಂಡೀಸ್ ದಾಟಿದೆವೆಂದು ತಿಳಿದು ಮೋಡದೊಳಗೆ ಇಳಿಯತೊಡಗಿದಾಗ ಎದುರಿಗೆ ಟುಪುಂಗಾಟೊ ಇತ್ತು. ಬಡಿತಕ್ಕೆ ಕುಸಿದ ಹಿಮ ವಿಮಾನವನ್ನು ಮುಚ್ಚಿತು. ಹಿಮ ಗಟ್ಟಿಯಾಗಿ ಹಿಮನದಿಯ ಭಾಗವಾಯಿತು. ನದಿ ಇಳಿಜಾರಿನಲ್ಲಿ ಮೆಲ್ಲಗೆ ಸರಿಯುತ್ತಾ, ಮಂಜು ಕರಗುವ ತಗ್ಗಿಗೆ ಅವಶೇಷಗಳನ್ನು ತಂದು ಬಿಟ್ಟಿತು.

ಹಿಮನದಿ ಹೀಗೆ ಮರಳಿಸುವುದು ಭಾರತದ ನೆನಪಿನಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿದ್ದ ಹೋಮಿ ಭಾಭಾ ಸೇರಿ 117 ಮಂದಿ ತೀರಿಕೊಂಡ ಏರ್ ಇಂಡಿಯಾದ ‘ಕಾಂಚನಜುಂಗಾ’ 1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದಿತ್ತು. ಆ ಸಾವಿನ ಸುತ್ತಲೂ ಸಂಚಿನ ಮಾತುಗಳು ಇಂದಿಗೂ ನಿಂತಿಲ್ಲ. ಅದರಲ್ಲಿದ್ದ ಭಾರತ ಸರ್ಕಾರದ ಅಂಚೆಚೀಲವೊಂದು 2012ರಲ್ಲಿ ಮಂಜಿನಿಂದ ಹೊರಬಂತು.

2000ದಲ್ಲಿ ಬಿಬಿಸಿ ‘ಸ್ಟಾರ್ ಡಸ್ಟ್’ ಕುರಿತು ಕಾರ್ಯಕ್ರಮ ಪ್ರಸಾರ ಮಾಡಿದಾಗ ‘ಸ್ಟೆಂಡೆಕ್’ಗೆ ಅರ್ಥ ಸೂಚಿಸಿ ನೂರಾರು ಪತ್ರಗಳು ಬಂದವು. ಪದದ ಬಗೆಗಿನ ವಾದ ಇನ್ನೂ ಮುಗಿದಿಲ್ಲ. ವಿಮಾನದ ಬಗೆಗಿನ ವಾದ ಮುಗಿದಿದೆ. ಅರ್ಜೆಂಟೀನಾ ವಾಯುಪಡೆಯ ತನಿಖೆ ಕ್ಯಾಪ್ಟನ್ ಕುಕ್ ಅವರ ಮೇಲೆ ದೋಷ ಹೊರಿಸಲಿಲ್ಲ. ಮಂಜಿನಲ್ಲಿ ಸಿಕ್ಕ ದೇಹಭಾಗಗಳ ಡಿಎನ್‌ಎ ಪರೀಕ್ಷೆಯಿಂದ, ವಿಮಾನದಲ್ಲಿದ್ದ ಎಂಟು ಬ್ರಿಟಿಷರ ಪೈಕಿ ಐವರ ಗುರುತು 2002ರ ಹೊತ್ತಿಗೆ ಖಚಿತವಾಯಿತು.