ಚಿನ್ನದ ಹಾಳೆ, ಚಿನ್ನದ ಗಣಿ ಮತ್ತು ನಾಲ್ಕು ಬಲಗಳು



ನ್ಯೂಜಿಲೆಂಡಿನ ನೂರು ಡಾಲರ್ ನೋಟನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಅದರ ಮೇಲೆ ಮೀಸೆ ಬಿಟ್ಟ ಒಬ್ಬರ ಚಿತ್ರವಿದೆ. ಅವರು ಅರ್ನೆಸ್ಟ್ ರುದರ್‌ಫರ್ಡ್. 1871ರಲ್ಲಿ ನೆಲ್ಸನ್ ಬಳಿಯ ಬ್ರೈಟ್‌ವಾಟರ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ಹನ್ನೆರಡು ಮಕ್ಕಳ ಮನೆಯಲ್ಲಿ ನಾಲ್ಕನೆಯವರು. ಕರ್ನಾಟಕದ ಕೋಲಾರದಲ್ಲಿ ಚಿನ್ನದ ಗಣಿ ಇತ್ತೆಂದು ಮನೆಯಲ್ಲಿ ಅಜ್ಜಿ ತಾತ ಹೇಳಿರಬಹುದು. ಈ ನೋಟಿನ ಮೇಲಿನ ಮನುಷ್ಯನಿಗೂ ಆ ಗಣಿಗೂ ಒಂದು ನಂಟಿದೆ. ಅದನ್ನು ತಿಳಿಯಬೇಕಾದರೆ ಮೊದಲು ಪ್ರಕೃತಿಯ ನಾಲ್ಕು ಮೂಲ ಬಲಗಳ ಪರಿಚಯ ಮಾಡಿಕೊಳ್ಳಬೇಕು.

ಜಗತ್ತಿನಲ್ಲಿ ನಡೆಯುವ ಎಳೆತ, ತಳ್ಳಾಟ, ಅಂಟು, ಒಡೆತ ಎಲ್ಲವನ್ನೂ ವಿಜ್ಞಾನಿಗಳು ಕೊನೆಗೆ ನಾಲ್ಕೇ ಬಲಗಳಿಗೆ ಇಳಿಸಿದ್ದಾರೆ. ಮೊದಲನೆಯದು ಗುರುತ್ವಾಕರ್ಷಣೆ. ಮರದಿಂದ ಹಣ್ಣು ಬೀಳಿಸುವುದೂ ಚಂದ್ರನನ್ನು ಭೂಮಿಯ ಸುತ್ತ ತಿರುಗಿಸುವುದೂ ಅದೇ ಎಂದು ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ತೋರಿಸಿದ. ಎರಡನೆಯದು ವಿದ್ಯುತ್ಕಾಂತೀಯ ಬಲ. ವಿದ್ಯುತ್ತು, ಅಯಸ್ಕಾಂತ, ಬೆಳಕು ಇವೆಲ್ಲ ಒಂದೇ ಮನೆಯವು ಎಂದು 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಕಂಡುಕೊಂಡ.

ಇವೆರಡರಲ್ಲಿ ಯಾವುದು ಬಲಶಾಲಿ? ಮನೆಯಲ್ಲೇ ನೋಡಿ. ಮೇಜಿನ ಮೇಲೆ ಒಂದು ಗುಂಡುಸೂಜಿ ಇಟ್ಟು, ಫ್ರಿಜ್ಜಿನ ಅಯಸ್ಕಾಂತವನ್ನು ಹತ್ತಿರ ತನ್ನಿ. ಸೂಜಿ ಮೇಲಕ್ಕೆ ನೆಗೆಯುತ್ತದೆ. ಇಡೀ ಭೂಮಿ ಸೂಜಿಯನ್ನು ಕೆಳಕ್ಕೆ ಎಳೆಯುತ್ತಿದೆ, ಆದರೂ ಬೆರಳಿನಷ್ಟು ಅಯಸ್ಕಾಂತ ಗೆದ್ದಿತು! ಗುರುತ್ವಾಕರ್ಷಣೆ ನಾಲ್ಕರಲ್ಲಿ ಅತ್ಯಂತ ಬಡಪಾಯಿ. ಭೂಮಿ, ಸೂರ್ಯರಂಥ ದೊಡ್ಡ ರಾಶಿಗಳಿರುವುದರಿಂದ ಅದರ ಪ್ರಭಾವ ನಮಗೆ ಕಾಣುತ್ತದೆ, ಅಷ್ಟೆ.

ಈ ಎರಡು ಬಲಗಳು ನಮ್ಮ ಕಣ್ಣಿಗೆ, ಕೈಗೆ ಸಿಗುತ್ತವೆ. ಉಳಿದ ಎರಡು ಪರಮಾಣುವಿನ ಒಳಗೆ ಅವಿತಿದ್ದವು. ಅವುಗಳ ಸುಳಿವು ಹಿಡಿಯಲು ಚಿನ್ನ ಎರಡು ಸಲ ನೆರವಾಯಿತು.

ಮೊದಲ ಸಲ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಕ್ರೈಸ್ಟ್‌ಚರ್ಚ್‌ನಲ್ಲಿ ಓದು ಮುಗಿಸಿದ ರುದರ್‌ಫರ್ಡ್ 1895ರಲ್ಲಿ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿ ಹೊರಟಿದ್ದರು. ಕೇಂಬ್ರಿಜ್, ಕೆನಡಾದ ಮಾಂಟ್ರಿಯಲ್ ದಾಟಿ 1907ರಲ್ಲಿ ಮ್ಯಾಂಚೆಸ್ಟರಿಗೆ ಬಂದರು. ಅಲ್ಲಿ 1909ರಲ್ಲಿ ಗೈಗರ್ ಎಂಬ ಸಹಾಯಕ ಮತ್ತು ಮಾರ್ಸ್‌ಡೆನ್ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ಸೇರಿ ತೆಳ್ಳನೆಯ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಅವುಗಳಲ್ಲಿ ಚಿನ್ನದ ಹಾಳೆ ಹೆಸರಾಯಿತು. ಹೆಚ್ಚಿನ ಕಣಗಳು ಹಾಳೆಯೇ ಇಲ್ಲವೆಂಬಂತೆ ದಾಟಿಹೋದವು. ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಮಾತ್ರ ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬಂತು.

ಆ ಒಂದು ಕಣದ ಅರ್ಥವೇನೆಂದು ಯೋಚಿಸಿ, ಲೆಕ್ಕ ಹಾಕಿ, ರುದರ್‌ಫರ್ಡ್ 1911ರಲ್ಲಿ ಉತ್ತರ ಕೊಟ್ಟರು: ಪರಮಾಣು ಬಹುಪಾಲು ಖಾಲಿ. ಅದರ ತೂಕವೆಲ್ಲ ನಡುವಿನ ಒಂದು ಸಣ್ಣ ಬೀಜದಲ್ಲಿದೆ, ಅದೇ ನ್ಯೂಕ್ಲಿಯಸ್. ಎಷ್ಟು ಸಣ್ಣದು? ಚಿನ್ನದ ಪರಮಾಣು ಆಕ್ಲೆಂಡಿನ ಈಡನ್ ಪಾರ್ಕ್ ಕ್ರೀಡಾಂಗಣದಷ್ಟು ದೊಡ್ಡದಾದರೆ, ನ್ಯೂಕ್ಲಿಯಸ್ ಅದರ ನಡುವೆ ಇಟ್ಟ ಕಡಲೆಕಾಳು.

ಈಗ ಒಂದು ಪೇಚು. ಚಿನ್ನದ ಆ ಕಡಲೆಕಾಳಿನಲ್ಲಿ 79 ಪ್ರೋಟಾನುಗಳಿವೆ. ಎಲ್ಲವೂ ಧನ ವಿದ್ಯುತ್ತಿನವು, ಒಂದನ್ನೊಂದು ದೂರ ತಳ್ಳುವಂಥವು. ಹಾಗಿದ್ದರೆ ಅದು ಸಿಡಿದು ಚೂರಾಗುವುದಿಲ್ಲ ಏಕೆ? ಅವನ್ನು ಹಿಡಿದಿಡಲು ಇನ್ನೂ ಗಟ್ಟಿಯಾದ ಬಲವೊಂದು ಇರಲೇಬೇಕು. ಅದೇ ಮೂರನೆಯದು, ಪ್ರಬಲ ಬಲ. ನ್ಯೂಕ್ಲಿಯಸ್ಸಿನೊಳಗೆ ಅದು ವಿದ್ಯುತ್ ಬಲಕ್ಕಿಂತ ಸುಮಾರು ನೂರು ಪಟ್ಟು ಶಕ್ತಿಶಾಲಿ. ಆದರೆ ಆ ಬೀಜದ ಆಚೆಗೆ ಅದರ ಕೈ ಚಾಚುವುದಿಲ್ಲ. ಹಾಗಾಗಿ ನಮಗೆ ಅದರ ಅನುಭವವೇ ಆಗುವುದಿಲ್ಲ.

ನಾಲ್ಕನೆಯದು ದುರ್ಬಲ ಬಲ. ಕೆಲವು ಪರಮಾಣುಗಳು ತಾವಾಗಿಯೇ ಒಂದು ಬಗೆಯ ಕಿರಣ ಹೊರಹಾಕಿ ಬೇರೆ ಧಾತುವಾಗಿ ಬದಲಾಗುತ್ತವೆ. ಆ ಕಿರಣಕ್ಕೆ 1899ರಲ್ಲಿ ಬೀಟಾ ಎಂದು ಹೆಸರಿಟ್ಟವರೂ ರುದರ್‌ಫರ್ಡ್ ಅವರೇ. ಈ ಬದಲಾವಣೆ ಮಾಡಿಸುವುದು ದುರ್ಬಲ ಬಲ. ಹೆಸರು ದುರ್ಬಲವಾದರೂ ಅದಿಲ್ಲದೆ ಸೂರ್ಯ ಉರಿಯುವುದಿಲ್ಲ. ಬೀಟಾ ಕಿರಣಗಳ ಲೆಕ್ಕದಲ್ಲಿ ಸ್ವಲ್ಪ ಶಕ್ತಿ ಕಾಣೆಯಾಗುತ್ತಿತ್ತು. ಕಣ್ಣಿಗೆ ಬೀಳದ ಕಣವೊಂದು ಅದನ್ನು ಹೊತ್ತೊಯ್ಯುತ್ತಿರಬೇಕು ಎಂದು 1930ರಲ್ಲಿ ಪೌಲಿ ಊಹಿಸಿದರು. ಅದೇ ನ್ಯೂಟ್ರಿನೊ. ನೀವು ಇದನ್ನು ಓದುತ್ತಿರುವಾಗಲೇ ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,000 ಕೋಟಿ ನ್ಯೂಟ್ರಿನೊಗಳು ಸೂರ್ಯನಿಂದ ಬಂದು ದಾಟುತ್ತಿವೆ. ದುರ್ಬಲ ಬಲವನ್ನು ಬಿಟ್ಟರೆ ಗುರುತ್ವಾಕರ್ಷಣೆ ಮಾತ್ರ ಅವನ್ನು ಮುಟ್ಟುತ್ತದೆ. ಆದ್ದರಿಂದ ಅವು ಯಾವುದಕ್ಕೂ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಪರಮಾಣು ರಿಯಾಕ್ಟರಿನಿಂದ ಹೊರಟ ನ್ಯೂಟ್ರಿನೊಗಳನ್ನು 1956ರಲ್ಲಿ ಪತ್ತೆ ಮಾಡಿದರು. ಪ್ರಕೃತಿಯಲ್ಲೇ ಹುಟ್ಟಿದವನ್ನು ಹಿಡಿಯುವುದು ಹೇಗೆ? ಇಲ್ಲಿ ಚಿನ್ನ ಎರಡನೆಯ ಸಲ ಬರುತ್ತದೆ. ನಂಜನಗೂಡಿನ ಕಡೆಯವರಾದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲೇ ಕೋಲಾರದ ಗಣಿಗೆ ಉಪಕರಣ ಇಳಿಸಿ, ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್‌ನ ವಿಜ್ಞಾನಿಗಳು ಜೊತೆಗೂಡಿದರು. ಉಪಕರಣ ಇಟ್ಟದ್ದು ಸುಮಾರು 2.3 ಕಿಲೋಮೀಟರ್ ಆಳದಲ್ಲಿ. ಏಳು ಸ್ಕೈ ಟವರುಗಳನ್ನು ಒಂದರ ಕೆಳಗೊಂದು ಇಳಿಸಿದಷ್ಟು ಆಳ!

ಅಷ್ಟು ಬಂಡೆ ಉಳಿದ ಕಣಗಳನ್ನೆಲ್ಲ ಬಹುಮಟ್ಟಿಗೆ ತಡೆಯುತ್ತದೆ. ಮೇಲಿನಿಂದ ಅಲ್ಲೊಂದು ಇಲ್ಲೊಂದು ನುಸುಳಿದರೂ, ಅಡ್ಡದಿಕ್ಕಿನಿಂದ ಬರಲು ಇನ್ನೂ ಎಷ್ಟೋ ಬಂಡೆ ದಾಟಬೇಕು. ಆದ್ದರಿಂದ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿ ಅಡ್ಡ ಬರುವ ಕಣಗಳಿಗಾಗಿ ಕಾದರು. 1965ರಲ್ಲಿ ಅಂಥವು ಸಿಕ್ಕವು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಬಂಡೆಯೊಳಗೆ ಡಿಕ್ಕಿ ಹೊಡೆದು ಬಿಟ್ಟುಹೋದ ಗುರುತು ಅದು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅಂಥ ಗುರುತುಗಳು ಸಿಕ್ಕವು.

ಎರಡು ಕಡೆಯೂ ಕೇಳಿದ ಪ್ರಶ್ನೆ ಒಂದೇ, ಗಮನಿಸಿದಿರಾ? ಯಾವುದು ದಾಟಿತು, ಯಾವುದು ನಿಂತಿತು? ಕಾಣದ ಬಲಗಳನ್ನು ಮನುಷ್ಯ ಅರಿತದ್ದು ಹೀಗೆ, ತಾಳ್ಮೆಯಿಂದ ಎಣಿಸುತ್ತ. ಕೋಲಾರದಲ್ಲಿ ಆ ತಾಳ್ಮೆಯ ಹಿಂದೆ ಗಣಿ ಕಾರ್ಮಿಕರ ಬೆವರೂ ಇತ್ತು. ಅವರು ತೋಡಿದ ದಾರಿಯಿಲ್ಲದಿದ್ದರೆ ವಿಜ್ಞಾನಿಗಳು ಇಳಿಯುವುದು ಎಲ್ಲಿಗೆ? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಗೆ ಇಂದು ಯಾರೂ ಇಳಿಯಲಾರರು. ಚಿನ್ನದ ಕತೆ ಎಲ್ಲರಿಗೂ ಗೊತ್ತು, ನ್ಯೂಟ್ರಿನೊ ಕತೆ ನಾವು ಹೇಳಿದರಷ್ಟೇ ಉಳಿಯುತ್ತದೆ.

ರುದರ್‌ಫರ್ಡ್ ಓದಿಗಾಗಿ ಈ ದೇಶ ಬಿಟ್ಟು ಹೋದರು. ಅವರ ವಿದ್ಯಾರ್ಥಿ ಮಾರ್ಸ್‌ಡೆನ್ 1915ರಲ್ಲಿ ಪ್ರಾಧ್ಯಾಪಕರಾಗಿ ವೆಲಿಂಗ್ಟನ್ನಿಗೆ ಬಂದು ಇಲ್ಲಿಯವರೇ ಆದರು. ಇಲ್ಲಿನ ಸಂಶೋಧನೆಗೆ ಹಣ ನೀಡುವ ಮಾರ್ಸ್‌ಡೆನ್ ನಿಧಿಗೆ ಅವರದೇ ಹೆಸರು. ದೂರದಿಂದ ಬಂದು ನೆಲೆಸಿದ ನಮಗೆ ಇದು ಹೊಸ ಮಾತಲ್ಲ.

ಪೋಷಕರೇ, ನೆಲ್ಸನ್ ಕಡೆ ಹೋದಾಗ ಬ್ರೈಟ್‌ವಾಟರಿನ ರುದರ್‌ಫರ್ಡ್ ಸ್ಮಾರಕವನ್ನು ಮಕ್ಕಳಿಗೆ ತೋರಿಸಿ. ಮಕ್ಕಳೇ, ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿ ತಾತನಿಗೆ ಕೇಳಿ: ಕೋಲಾರದ ಗಣಿಯಲ್ಲಿ ಚಿನ್ನದ ಜೊತೆ ಇನ್ನೇನು ಸಿಕ್ಕಿತ್ತು ಗೊತ್ತೇ? ಗೊತ್ತಿಲ್ಲವೆಂದರೆ ನೀವೇ ಹೇಳಿ.