ಗುಡ್ಡವಿಲ್ಲದ ನಾಡಿನ ಏರುದಾರಿ

2015ರ ಜುಲೈ 5ರಂದು ಟೂರ್ ಡಿ ಫ್ರಾನ್ಸ್ ಪಂದ್ಯದ ಎರಡನೇ ದಿನದ ಓಟ ನಡೆದದ್ದು ಫ್ರಾನ್ಸಿನಲ್ಲಲ್ಲ, ನೆದರ್ಲೆಂಡ್ಸಿನಲ್ಲಿ. ಯೂಟ್ರೆಕ್ಟ್ ನಗರದಿಂದ ಜೀಲೆಂಡ್ ಪ್ರಾಂತ್ಯದ ಕಡಲಂಚಿಗೆ 166 ಕಿಲೋಮೀಟರ್. ದಾರಿಯುದ್ದಕ್ಕೂ ಹೇಳಿಕೊಳ್ಳುವಂಥ ಏರು ಒಂದೂ ಇಲ್ಲ. ಆದರೂ ಆ ದಿನ ಬೆಟ್ಟ ಹತ್ತುವುದರಲ್ಲಿ ಹೆಸರು ಮಾಡಿದ ಸವಾರರ ಮುಖವೇ ಎಲ್ಲರಿಗಿಂತ ಬಾಡಿತ್ತು. ನಡುದಾರಿಯಲ್ಲಿ ಮಳೆ, ಗಾಳಿ ಒಟ್ಟಿಗೇ ಎರಗಿದವು. ಇನ್ನೂರಕ್ಕೆ ಹತ್ತಿರವಿದ್ದ ಸವಾರರ ಗುಂಪು ಹರಿದು ತುಂಡುತುಂಡಾಯಿತು. ಮುಂದೆ ಉಳಿದವರು ಸುಮಾರು ಇಪ್ಪತ್ತೈದು ಮಂದಿ. ಓಟವನ್ನು ಗೆದ್ದದ್ದು ಜರ್ಮನಿಯ ಆಂಡ್ರೆ ಗ್ರೈಪೆಲ್. ಹಿಂದಿನ ವರ್ಷದ ಚಾಂಪಿಯನ್, ಇಟಲಿಯ ವಿನ್ಸೆಂಜೊ ನಿಬಾಲಿ ಮತ್ತು ಆಂಡಿಸ್ ಪರ್ವತದ ಎತ್ತರದಲ್ಲೇ ಬೆಳೆದ ಕೊಲಂಬಿಯಾದ ನೈರೊ ಕಿಂಟಾನಾ, ಮುಂದಿನ ಗುಂಪಿನಲ್ಲಿದ್ದ ಕ್ರಿಸ್ ಫ್ರೂಮ್‌ಗಿಂತ 1 ನಿಮಿಷ 28 ಸೆಕೆಂಡ್ ಹಿಂದೆ ಬಿದ್ದರು.

ಮೂರು ವಾರಗಳಾದ ಮೇಲೆ ಪ್ಯಾರಿಸ್ಸಿನಲ್ಲಿ ಲೆಕ್ಕ ಹಾಕಿದಾಗ ಮೊದಲ ಸ್ಥಾನದ ಫ್ರೂಮ್‌ಗೂ ಎರಡನೇ ಸ್ಥಾನದ ಕಿಂಟಾನಾಗೂ ಇದ್ದ ಅಂತರ 1 ನಿಮಿಷ 12 ಸೆಕೆಂಡ್. ಆಲ್ಪ್ಸ್ ಬೆಟ್ಟಗಳಲ್ಲಿ ಕಿಂಟಾನಾ ಎಷ್ಟು ಬೆನ್ನಟ್ಟಿದರೂ ಆ ಸಮತಟ್ಟು ನೆಲದಲ್ಲಿ ಹೋದದ್ದು ತುಂಬಿಬರಲಿಲ್ಲ. ಜಗತ್ತಿನ ಅತಿ ದೊಡ್ಡ ಸೈಕಲ್ ಪಂದ್ಯ ಆ ವರ್ಷ ಬೆಟ್ಟದಲ್ಲಲ್ಲ, ಸಮುದ್ರಮಟ್ಟದಲ್ಲಿ ತೀರ್ಮಾನವಾಯಿತು ಎಂದರೂ ನಡೆದೀತು.

ಗಾಳಿ ನೇರ ಎದುರಿಗೆ ಬಂದರೆ ಪರಿಹಾರ ಸುಲಭ: ಮುಂದಿನವನ ಬೆನ್ನ ಹಿಂದೆ ಅಡಗಿಕೊಳ್ಳುವುದು. ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ಗುಂಪೊಂದನ್ನು ಕಂಪ್ಯೂಟರಿನಲ್ಲೂ, ಚಿಕ್ಕ ಗೊಂಬೆಗಳನ್ನಿಟ್ಟು ಗಾಳಿಸುರಂಗದಲ್ಲೂ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಂಪಿನ ಹಿಂಭಾಗದ ನಡುವೆ ಇರುವವನಿಗೆ ತಾಗುವ ಗಾಳಿಯ ತಡೆ, ಒಂಟಿಯಾಗಿ ಹೋಗುವವನಿಗೆ ತಾಗುವುದರ ಶೇಕಡಾ 5ರಿಂದ 10ರಷ್ಟು ಮಾತ್ರ. ಅಡ್ಡಗಾಳಿಯ ಕಥೆ ಬೇರೆ. ಆಗ ಮರೆ ಸಿಗುವುದು ನೇರ ಹಿಂದೆ ಅಲ್ಲ, ಓರೆಯಾಗಿ ಪಕ್ಕದಲ್ಲಿ. ಸವಾರರು ರಸ್ತೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಓರೆಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಮುಗಿದಲ್ಲಿ ಸಾಲೂ ಮುಗಿಯುತ್ತದೆ. ಜಾಗ ಸಿಗದವರು ಚರಂಡಿಯ ಪಕ್ಕದಲ್ಲಿ ಒಬ್ಬರ ಹಿಂದೊಬ್ಬರು ಪೂರ್ತಿ ಗಾಳಿ ತಿನ್ನುತ್ತ ಉಳಿಯುತ್ತಾರೆ. ಡಚ್ ಮತ್ತು ಬೆಲ್ಜಿಯನ್ ಹುಡುಗರಿಗೆ ಈ ವಿದ್ಯೆ ಶಾಲೆಗೆ ಹೋಗುವ ದಾರಿಯಲ್ಲೇ ಸಿದ್ಧಿಸಿರುತ್ತದೆ. ಹಳ್ಳಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಶಾಲೆಗೆ ಗುಂಪುಕಟ್ಟಿ ಹೊರಟ ಮಕ್ಕಳು ಸರದಿಯಂತೆ ಮುಂದೆ ಬಂದು ಗಾಳಿ ಒಡೆಯುತ್ತಾರೆ. ಸರದಿ ತಪ್ಪಿಸಿಕೊಳ್ಳುವವನು ಯಾರೆಂದು ಇಡೀ ತರಗತಿಗೆ ಗೊತ್ತಿರುತ್ತದೆ.

ಅಂದಿನ ಓಟ ಮುಗಿದ ಜಾಗಕ್ಕೂ ಒಂದು ಚರಿತ್ರೆಯಿದೆ. ಅದು ನೇಲ್ಟ್ಯೆ ಯಾನ್ಸ್ ಎಂಬ ಕೃತಕ ದ್ವೀಪ. ಓಸ್ಟರ್‌ಸ್ಕೆಲ್ಡೆ ಎಂಬ ಕಡಲ ತೋಳಿಗೆ ಅಡ್ಡಲಾಗಿ ಕಟ್ಟಿದ ತಡೆಗೋಡೆಯ ನಡುವೆ ಇದೆ. 1953ರ ಜನವರಿ 31ರ ರಾತ್ರಿ ವಾಯುವ್ಯದ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ಭರತದ ಮೇಲೆ ಭರತ ಎಂಬಂತೆ ಒತ್ತಿಕೊಂಡು ಬಂದು ಜೀಲೆಂಡಿನ ಒಡ್ಡುಗಳನ್ನು ಒಡೆಯಿತು. ನೆದರ್ಲೆಂಡ್ಸ್ ಒಂದರಲ್ಲೇ ಸತ್ತವರು 1,836 ಮಂದಿ. ಆಮೇಲೆ ಹುಟ್ಟಿದ ಡೆಲ್ಟಾ ಯೋಜನೆ ಕಡಲ ತೋಳುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂತು. ಓಸ್ಟರ್‌ಸ್ಕೆಲ್ಡೆಯನ್ನೂ ಪೂರ್ತಿ ಮುಚ್ಚಿಬಿಡುವುದೆಂದೇ ಮೊದಲ ನಿರ್ಧಾರ. ಮುಚ್ಚಿದರೆ ಉಪ್ಪುನೀರು ಹೋಗಿ ಸಿಂಪಿ, ಕಲ್ವ ಎಲ್ಲ ನಾಶವಾಗುತ್ತವೆ ಎಂದು ಮೀನುಗಾರರೂ ಪರಿಸರದವರೂ ಜಗಳಕ್ಕೆ ನಿಂತರು. ಕೊನೆಗೆ ಒಪ್ಪಂದವಾದದ್ದು ನಡುವಿನ ದಾರಿ: 65 ಕಂಬಗಳು, ಅವುಗಳ ನಡುವೆ 62 ಉಕ್ಕಿನ ಬಾಗಿಲುಗಳು. ಸಾಮಾನ್ಯ ದಿನಗಳಲ್ಲಿ ಬಾಗಿಲು ತೆರೆದೇ ಇರುತ್ತದೆ, ಬಿರುಗಾಳಿಯಲ್ಲಿ ಮುಚ್ಚುತ್ತದೆ. 1986ರ ಅಕ್ಟೋಬರ್ 4ರಂದು ರಾಣಿ ಬಿಯಾಟ್ರಿಕ್ಸ್ ಉದ್ಘಾಟಿಸಿದರು. ಒಟ್ಟು ಉದ್ದ ಸುಮಾರು 9 ಕಿಲೋಮೀಟರ್.

ಡಚ್ಚರು ಕಟ್ಟಿದ್ದು ಎಂದ ಮೇಲೆ ಮೇಲೊಂದು ಸೈಕಲ್ ದಾರಿ ಇರಲೇಬೇಕಲ್ಲ, ಇದೆ. ಒಂದು ಪಕ್ಕ ತೆರೆದ ಸಮುದ್ರ, ಇನ್ನೊಂದು ಪಕ್ಕ ಕಡಲ ತೋಳು. ಮರ, ಮನೆ, ಬೇಲಿ ಯಾವುದೂ ಅಡ್ಡ ಇಲ್ಲ. ಗಾಳಿಗೆ ಇದಕ್ಕಿಂತ ಒಳ್ಳೆಯ ಮೈದಾನ ಬೇಕಿಲ್ಲ.

ಎದುರುಗಾಳಿಯ ಲೆಕ್ಕ ಸ್ವಲ್ಪ ಕ್ರೂರ. ಗಾಳಿ ಇಲ್ಲದ ದಿನ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ 45ರ ವೇಗದ ಗಾಳಿ ಎದುರಾದಾಗಲೂ ಅದೇ ವೇಗ ಹಿಡಿದರೆ ಮೈಗೆ ಬಡಿಯುವ ಗಾಳಿಯ ವೇಗ 60, ಅಂದರೆ ನಾಲ್ಕು ಪಟ್ಟು. ತಡೆ ಮಾತ್ರ ನಾಲ್ಕು ಪಟ್ಟಲ್ಲ, ವರ್ಗದ ಪ್ರಕಾರ ಏರಿ ಹದಿನಾರು ಪಟ್ಟು. ಬರುವಾಗ ಅದೇ ಗಾಳಿ ತಳ್ಳುತ್ತದಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿಗೂ ಲಾಭವಿಲ್ಲ. ಗಂಟೆಗೆ 20ರಂತೆ ಹತ್ತು ಕಿಲೋಮೀಟರ್ ಹೋಗಿ ಬರಲು ಒಂದು ಗಂಟೆ ಸಾಕು. ಗಾಳಿಯಲ್ಲಿ ಹೋಗುವಾಗ ವೇಗ 10ಕ್ಕೆ ಇಳಿದು ಬರುವಾಗ 30ಕ್ಕೆ ಏರಿತೆನ್ನಿ, ಒಟ್ಟು 80 ನಿಮಿಷ. ಬೆಟ್ಟವಾದರೆ ತುದಿ ಕಾಣುತ್ತದೆ, ತುದಿ ದಾಟಿದರೆ ಇಳಿಜಾರು ಖಚಿತ. ಗಾಳಿಗೆ ತುದಿಯಿಲ್ಲ, ಸಂಜೆ ಮನೆಗೆ ಹೊರಡುವ ಹೊತ್ತಿಗೆ ದಿಕ್ಕು ಬದಲಿಸಿ ಮತ್ತೆ ಎದುರಾದರೂ ಯಾರನ್ನು ಕೇಳುವುದು? ಗದಗ, ಚಿತ್ರದುರ್ಗದ ಬಯಲಿನಲ್ಲಿ ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ನಾಡಿನವರು ತಲೆ ತಗ್ಗಿಸಿ, ಬೆನ್ನು ಬಾಗಿಸಿ ಕೂರುವ ಸೈಕಲನ್ನೇ ಮೆಚ್ಚಿಕೊಂಡಿರಬೇಕು ಅಂದುಕೊಂಡರೆ ಅದು ಸುಳ್ಳು. ಡಚ್ ಸೈಕಲ್ ಎಂದರೆ ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರುವ, ಎದೆಯನ್ನು ಪೂರ್ತಿ ಗಾಳಿಗೊಡ್ಡುವ ಗಟ್ಟಿ ಕಪ್ಪು ಗಾಡಿ. ಗಾಳಿಯ ಕಡೆಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ವಿನ್ಯಾಸ ಬೇರೆ ಇಲ್ಲ. ಮಳೆಯ ಕಡೆಯಿಂದ ನೋಡಿದರೆ ಇದಕ್ಕಿಂತ ಜಾಣ ವಿನ್ಯಾಸವೂ ಇಲ್ಲ. ಚೈನನ್ನು ಮುಂದಿನಿಂದ ಹಿಂದಿನವರೆಗೆ ಪೂರ್ತಿ ಮುಚ್ಚಿದ ಕವಚ, ಅದರಿಂದ ಒಳಗೆ ಹಾಕಿದ ಎಣ್ಣೆ ತಿಂಗಳುಗಟ್ಟಲೆ ಉಳಿಯುತ್ತದೆ, ಪ್ಯಾಂಟಿಗೆ ಮಸಿ ತಾಗುವುದಿಲ್ಲ. ಹಿಂಚಕ್ರದ ಎರಡೂ ಪಕ್ಕ ಉದ್ದಂಗಿ, ಕೋಟು ಕಡ್ಡಿಗಳಿಗೆ ಸಿಕ್ಕದಂತೆ ಪರದೆ. ಬ್ರೇಕು ಹಿಂದಿನ ಹಬ್ಬಿನ ಒಳಗೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುತ್ತದೆ. ಜರ್ಮನಿಯ ಷ್ವೈನ್‌ಫರ್ಟಿನಲ್ಲಿ ಅರ್ನ್ಸ್ಟ್ ಝಾಕ್ಸ್ 1903ರಲ್ಲಿ ರೂಪಿಸಿದ ಟಾರ್ಪೆಡೊ ಹಬ್ ಈ ಬಗೆಯ ಬ್ರೇಕನ್ನು ಮನೆಮಾತಾಗಿಸಿತು. ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕು ಮಳೆಯಲ್ಲಿ ಜಾರುತ್ತಿದ್ದ ಕಾಲ ಅದು. ಹಬ್ಬಿನ ಒಳಗಿನ ಬ್ರೇಕಿಗೆ ಮಳೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಒಟ್ಟಿನಲ್ಲಿ ಡಚ್ಚರು ಮಳೆಯನ್ನು ಯಂತ್ರಕ್ಕೆ ವಹಿಸಿ, ಗಾಳಿಯನ್ನು ಮೊಣಕಾಲಿಗೆ ಬಿಟ್ಟರು.

ಉತ್ತರದ ಫ್ರೀಸ್‌ಲೆಂಡ್ ಪ್ರಾಂತ್ಯದಲ್ಲಿ 1912ರಿಂದ ನಡೆದುಬಂದಿರುವ ಹನ್ನೊಂದು ಊರುಗಳ ಸೈಕಲ್ ಯಾತ್ರೆ ಇದಕ್ಕೊಂದು ಒಳ್ಳೆಯ ಸಾಕ್ಷಿ. ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿದರೆ ಮಾತ್ರ ನಡೆಯುವ ಪ್ರಖ್ಯಾತ ಸ್ಕೇಟಿಂಗ್ ಪಂದ್ಯದ ಸೈಕಲ್ ರೂಪ ಇದು. ಕ್ರೈಸ್ತರ ಪೆಂಟೆಕಾಸ್ಟ್ ಹಬ್ಬದ ಮರುದಿನ, ಸೋಮವಾರ, ಬೋಲ್ಸ್‌ವರ್ಡ್ ಊರಿನಿಂದ ಬೆಳಗಿನ ಜಾವಕ್ಕೇ ತಂಡತಂಡವಾಗಿ ಹೊರಡುವ ಸಾವಿರಾರು ಜನ 235 ಕಿಲೋಮೀಟರ್ ಸುತ್ತಿ ಅದೇ ಊರಿಗೆ ಮರಳುತ್ತಾರೆ. ಪ್ರತಿ ಊರಲ್ಲೂ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ದಾರಿ ಸುತ್ತುಬಳಸಿನದಾದ್ದರಿಂದ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಎಲ್ಲೋ ಒಂದೆಡೆ ಎದುರಾಗಿಯೇ ತೀರುತ್ತದೆ. ಮೊದಲ ಬಹುಮಾನ, ಎರಡನೇ ಬಹುಮಾನ ಎಂಬುದಿಲ್ಲ. ಮಧ್ಯರಾತ್ರಿಯೊಳಗೆ ಬಂದರಾಯಿತು.

ಎದುರುಗಾಳಿ ಆಟವಾಗಿರದ ದಿನಗಳೂ ಇದ್ದವು. 1944-45ರ ಚಳಿಗಾಲವನ್ನು ಡಚ್ಚರು ಹಸಿವಿನ ಚಳಿಗಾಲ ಎಂದೇ ನೆನೆಯುತ್ತಾರೆ. ರೈಲು ಮುಷ್ಕರ, ಜರ್ಮನ್ ಸೇನೆಯ ದಿಗ್ಬಂಧನ, ಹೆಪ್ಪುಗಟ್ಟಿದ ಕಾಲುವೆ ಎಲ್ಲ ಸೇರಿ ಪಶ್ಚಿಮದ ನಗರಗಳಿಗೆ ಆಹಾರ ಬರುವುದು ನಿಂತಿತು. ಸುಮಾರು 20,000 ಜನ ಸತ್ತರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಆಮ್‌ಸ್ಟರ್‌ಡ್ಯಾಮ್, ಹೇಗ್, ರಾಟರ್‌ಡ್ಯಾಮಿನ ಹೆಂಗಸರು, ಹುಡುಗರು ಉತ್ತರದ, ಪೂರ್ವದ ಹೊಲಮನೆಗಳಿಗೆ ಹೊರಟರು. ಹಾಸಿಗೆ ವಸ್ತ್ರ, ಗಡಿಯಾರ, ಒಡವೆ ಕೊಟ್ಟು ಆಲೂಗಡ್ಡೆ, ಗೋಧಿ ತರಲು. ಒಳ್ಳೆಯ ಸೈಕಲ್ ಸಿಪಾಯಿಗಳ ಕಣ್ಣಿಗೆ ಬಿದ್ದರೆ ಉಳಿಯುತ್ತಿರಲಿಲ್ಲ. ಉಳಿದದ್ದು ಟೈರಿಲ್ಲದ್ದು. ತೋಟಕ್ಕೆ ನೀರು ಹಾಯಿಸುವ ಪೈಪನ್ನು ರಿಮ್ಮಿಗೆ ಸುತ್ತಿದರು, ಮರದ ತುಂಡುಗಳನ್ನು ಜೋಡಿಸಿ ಚಕ್ರಕ್ಕೆ ಕಟ್ಟಿದರು, ಏನೂ ಇಲ್ಲದವರು ಬರಿ ರಿಮ್ಮಿನ ಮೇಲೆಯೇ ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಹೋದರು. ಆ ದೇಶದ ವಾಡಿಕೆಯ ಗಾಳಿ ನೈರುತ್ಯದ್ದು. ಪೂರ್ವಕ್ಕೆ ಖಾಲಿ ಚೀಲದೊಂದಿಗೆ ಹೋಗುವಾಗ ಬೆನ್ನಿಗಿದ್ದ ಗಾಳಿ, ಚೀಲ ತುಂಬಿಸಿಕೊಂಡು ಮರಳುವಾಗ ಮುಖಕ್ಕೆ ಬರುತ್ತಿತ್ತು.

ಬಿರುಗಾಳಿಯನ್ನೇ ಪಂದ್ಯವಾಗಿಸುವ ಯೋಚನೆ ಬಂದದ್ದು ತೀರ ಈಚೆಗೆ. 2013ರಲ್ಲಿ ಓಸ್ಟರ್‌ಸ್ಕೆಲ್ಡೆ ತಡೆಗೋಡೆಯ ಮೇಲೆ ಡಚ್ ಎದುರುಗಾಳಿ ಸೈಕಲ್ ಚಾಂಪಿಯನ್‌ಷಿಪ್ ಮೊದಲ ಸಲ ನಡೆಯಿತು. ದೂರ 8.5 ಕಿಲೋಮೀಟರ್. ತಾರೀಖು ಮೊದಲೇ ಗೊತ್ತಿರುವುದಿಲ್ಲ, ಅದನ್ನು ನಿಗದಿ ಮಾಡುವುದು ಹವಾಮಾನ. ಶರತ್ಕಾಲ, ಚಳಿಗಾಲದಲ್ಲಿ ಬ್ಯೂಫೋರ್ಟ್ ಮಾಪನದಲ್ಲಿ ಕನಿಷ್ಠ 7ರ ಗಾಳಿ, ಅಂದರೆ ಗಂಟೆಗೆ 50 ಕಿಲೋಮೀಟರಿಗೂ ಮೀರಿದ್ದು, ಬರುವ ಮುನ್ಸೂಚನೆ ಸಿಕ್ಕರೆ ಕೆಲವೇ ದಿನ ಮುಂಚೆ ಕರೆ ಹೋಗುತ್ತದೆ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಹಡಗಿನ ಹಾಯಿ ನೋಡಿ ರೂಪಿಸಿದ ಈ ಮಾಪನವನ್ನು ಆಮೇಲೆ ನೆಲಕ್ಕೂ ಅನ್ವಯಿಸಿದರು. ಅದರ ಪ್ರಕಾರ 7 ಎಂದರೆ ಇಡೀ ಮರಗಳೇ ತೂಗಾಡುವ, ಎದುರಿಗೆ ನಡೆಯುವುದೇ ಕಷ್ಟವಾಗುವ ಗಾಳಿ. ನಡೆಯಲು ಕಷ್ಟ ಎಂದು ಮಾಪನ ಹೇಳುವಲ್ಲಿಂದ ಈ ಪಂದ್ಯ ಶುರು.

ಸೈಕಲ್ ತರುವ ಹಾಗಿಲ್ಲ. ಎಲ್ಲರಿಗೂ ಸಂಘಟಕರೇ ಒಂದೇ ಬಗೆಯದನ್ನು ಕೊಡುತ್ತಾರೆ: ಗೇರಿಲ್ಲ, ನೆಟ್ಟಗೆ ಕೂರುವ ಹ್ಯಾಂಡಲ್, ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ವೈಯಕ್ತಿಕ ಸ್ಪರ್ಧೆಯಲ್ಲಿ ಒಬ್ಬೊಬ್ಬರನ್ನೇ ಬಿಡುವುದರಿಂದ ಯಾರ ಬೆನ್ನ ಹಿಂದೆಯೂ ಅಡಗುವಂತಿಲ್ಲ. ವೃತ್ತಿಪರ ಪಂದ್ಯಗಳು ಒಂದು ಶತಮಾನದಲ್ಲಿ ಗಾಳಿಯ ವಿರುದ್ಧ ಕಂಡುಹಿಡಿದ ಎಲ್ಲ ಉಪಾಯಗಳನ್ನೂ ಹೀಗೆ ಒಂದೇ ಏಟಿಗೆ ಕಿತ್ತುಹಾಕಿದ್ದಾರೆ. ಭಾಗವಹಿಸುವವರು ಮೊಣಕೈಗಳನ್ನು ಹ್ಯಾಂಡಲಿನ ಮೇಲೆ ಮಡಚಿಟ್ಟು, ಗದ್ದ ಬೆಲ್ಲಿಗೆ ತಾಗುವಷ್ಟು ಬಗ್ಗಿ, ಅಷ್ಟು ಮಾಡಿಯೂ ತೂರಾಡುತ್ತ ಹೋಗುತ್ತಾರೆ. 2020ರ ಫೆಬ್ರುವರಿ 9ರಂದು ಸಿಯಾರಾ ಬಿರುಗಾಳಿ ಯುರೋಪಿನ ವಿಮಾನ, ರೈಲುಗಳನ್ನು ನಿಲ್ಲಿಸಿದ್ದಾಗಲೂ ಈ ಪಂದ್ಯ ನಡೆದೇ ನಡೆಯಿತು. ನಾಲ್ಕು ಜನರ ತಂಡಗಳಿಗೂ ಬೇರೆ ಸ್ಪರ್ಧೆಯಿದೆ. ಶಾಲೆಯ ದಾರಿಯ ಸರದಿ ಪಾಠ ಅಲ್ಲಿ ಕೆಲಸಕ್ಕೆ ಬರುತ್ತದೆ.

ಇದು ಹುಚ್ಚಾಟ ಎನ್ನುವವರುಂಟು. ಆದರೆ ದಿನವೂ ಗೊಣಗಿಕೊಂಡೇ ಸಹಿಸುವ ಕಾಟವೊಂದಕ್ಕೆ ನಂಬರ್ ಚೀಟಿ ಅಂಟಿಸಿ, ನಾಲ್ಕು ಜನರೆದುರು ಅದರೊಂದಿಗೆ ಸೆಣಸಿ ನಗುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಗಾಳಿಯನ್ನು ಯಂತ್ರದಿಂದಲೇ ಗೆಲ್ಲಲು ಹೊರಟವರ ಕಥೆ ಬೇರೆಯೇ ಇದೆ. ಫ್ರಾನ್ಸಿನ ಚಾರ್ಲ್ಸ್ ಮೋಷೆ ರೂಪಿಸಿದ, ಮಲಗಿದಂತೆ ಕೂತು ತುಳಿಯುವ ವೆಲೊಕಾರ್ ಎಂಬ ಗಾಡಿಯಲ್ಲಿ ಫ್ರಾನ್ಸಿಸ್ ಫೋರ್ 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಸವಾರಿ ಮಾಡಿ ಹತ್ತೊಂಬತ್ತು ವರ್ಷದ ಹಳೆಯ ದಾಖಲೆಯನ್ನು ಮುರಿದ. ಫೋರ್ ಮೊದಲ ದರ್ಜೆಯ ಸವಾರನೇನಲ್ಲ. ಗೆದ್ದದ್ದು ಕೂರುವ ಭಂಗಿ. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ 1934ರಲ್ಲಿ ಇಂಥವನ್ನು ಸೈಕಲ್ಲೆಂದು ಒಪ್ಪುವುದಿಲ್ಲ ಎಂದು ನಿಯಮ ಮಾಡಿ ಬಾಗಿಲು ಹಾಕಿತು. ಪಂದ್ಯದಿಂದ ಹೊರಬಿದ್ದ ಆ ಜಾತಿ ಮತ್ತೆ ಚಿಗುರಿದ್ದು ಸಮುದ್ರದಿಂದ ಎತ್ತಿದ ಫ್ಲೆವೊಲೆಂಡ್ ನೆಲದಲ್ಲಿ. ಡ್ರೊಂಟನ್ ಊರಿನ ಕಾರ್ಖಾನೆಗಳಲ್ಲಿ ಮೂರು ಚಕ್ರದ, ಮೊಟ್ಟೆಯಾಕಾರದ ಹೊದಿಕೆಯ ವೆಲೊಮೊಬೈಲ್‌ಗಳು ತಯಾರಾಗುತ್ತವೆ. ಒಳಗೆ ಮಲಗಿ ತಲೆ ಮಾತ್ರ ಹೊರಗಿಟ್ಟು ತುಳಿಯುವವನಿಗೆ ಮಳೆಯೂ ಅಷ್ಟಕ್ಕಷ್ಟೆ, ಎದುರುಗಾಳಿಯೂ ಅಷ್ಟಕ್ಕಷ್ಟೆ. ಬೆಲೆ ಮಾತ್ರ ಒಳ್ಳೆಯ ಹಳೆಯ ಕಾರಿನಷ್ಟು, ಹಾಗಾಗಿ ಅದು ಆಸಕ್ತರ ಗಾಡಿಯಾಗಿಯೇ ಉಳಿದಿದೆ.

ಊರಿಗೆಲ್ಲ ಸಿಕ್ಕ ಪರಿಹಾರ ಬ್ಯಾಟರಿ. ನೆದರ್ಲೆಂಡ್ಸಿನಲ್ಲಿ ಈಗ ಮಾರಾಟವಾಗುವ ಹೊಸ ಸೈಕಲ್‌ಗಳಲ್ಲಿ ಸುಮಾರು ಅರ್ಧದಷ್ಟು ಮೋಟಾರಿನವು. ಮೊದಲು ಕೊಂಡವರು ನಿವೃತ್ತರು. ಈಗ ಶಾಲೆಯ ಮಕ್ಕಳೂ ಅದರಲ್ಲೇ ಹೋಗುತ್ತಾರೆ, ಸರದಿ ಹಾಕುವ ಗೋಜಿಲ್ಲ. ಗಾಳಿ ಮಾತ್ರ ತನ್ನ ಪಾಲನ್ನು ಬಿಟ್ಟಿಲ್ಲ. ಮೋಟಾರಿಗೂ ಅದೇ ವರ್ಗದ ಲೆಕ್ಕ ಅನ್ವಯಿಸುವುದರಿಂದ ಬಿರುಗಾಳಿಯ ದಿನ ಚಾರ್ಜು ಬೇಗ ಕರಗುತ್ತದೆ. ಒಡ್ಡಿನ ನಡುಮಧ್ಯೆ ಅದು ಮುಗಿದುಹೋದರೆ ಇಪ್ಪತ್ತೈದು ಕಿಲೋ ತೂಕದ ಗಾಡಿಯನ್ನು ಮನೆ ಮುಟ್ಟಿಸುವ ಕೆಲಸ ಮತ್ತೆ ಮೊಣಕಾಲಿನದೇ.